ಮೊದಲು ಲೆನ್ಸ್, ಆಮೇಲೆ ಬಾಡಿ: ಸಣ್ಣ ಬಜೆಟ್ಟಿನ ಮೊದಲ ಕ್ಯಾಮೆರಾ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಸಭಿಕರ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಮೊದಲ ಕ್ಯಾಮೆರಾ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: “ನನ್ನ ಹತ್ತಿರ ಇಷ್ಟು ಹಣ ಇದೆ, ಯಾವ ಕ್ಯಾಮೆರಾ ತಗೊಳ್ಳಲಿ?” ಒಂದು ಮಾಡೆಲ್ ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಏನನ್ನು ತೆಗೆಯಬೇಕೆಂದಿದ್ದೀರಿ ಎನ್ನುವುದು ಆ ಪ್ರಶ್ನೆಯಲ್ಲಿ ಇಲ್ಲವೇ ಇಲ್ಲ. ಅದಿಲ್ಲದೆ ಕೊಟ್ಟ ಉತ್ತರಕ್ಕೆ ಬೆಲೆಯೂ ಇಲ್ಲ. ಹಾಗಾಗಿ ಮಾಡೆಲ್ ಹೆಸರುಗಳಿಗೆ ಬರುವ ಮುಂಚೆ ಸ್ವಲ್ಪ ಸುತ್ತು ದಾರಿಯಲ್ಲಿ ಹೋಗೋಣ.

ಒಂದು ಸಣ್ಣ ಕೆಲಸದಿಂದ ಶುರು ಮಾಡಿ. ತೆಗೆಯಬೇಕೆಂದು ಆಸೆಪಟ್ಟು, ಫೋನಿನಲ್ಲಿ ಸರಿಯಾಗಿ ಬಾರದೆ ಹೋದ ಹತ್ತಿಪ್ಪತ್ತು ಫೋಟೊಗಳನ್ನು ಒಂದೆಡೆ ಸೇರಿಸಿ. ಪ್ರತಿಯೊಂದರ ಎದುರೂ ಅದು ಕೆಟ್ಟ ಕಾರಣವನ್ನು ಒಂದೆರಡು ಪದಗಳಲ್ಲಿ ಬರೆಯಿರಿ. ತುಂಬ ದೂರ ಇತ್ತು. ಮಗು ಓಡಿತು, ಚಿತ್ರ ಕದಲಿತು. ಕತ್ತಲಿತ್ತು. ಹಿನ್ನೆಲೆ ಗಿಜಿಗುಡುತ್ತಿತ್ತು. ಒತ್ತಿದ್ದು ಒಂದು ಕ್ಷಣ, ಸಿಕ್ಕಿದ್ದು ಮುಂದಿನ ಕ್ಷಣ. ಯಾವ ಕಾರಣ ಹೆಚ್ಚು ಸಲ ಬಂದಿದೆಯೋ ಅದು ನಿಮಗೆ ಬೇಕಾದ ಲೆನ್ಸ್ ಯಾವುದು ಎಂದು ಹೇಳಿಬಿಡುತ್ತದೆ. ಲೆನ್ಸ್ ಗೊತ್ತಾದರೆ, ಅದಕ್ಕೆ ಹೊಂದುವ ಬಾಡಿಗಳಲ್ಲಿ (ಬಾಡಿ ಎಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಅಗ್ಗದ್ದನ್ನು ಹುಡುಕುವುದು ಸಣ್ಣ ಕೆಲಸ. ಸಾಮಾನ್ಯವಾಗಿ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ: ಹಣವನ್ನೆಲ್ಲ ಹೊಸ ಬಾಡಿಗೆ ಸುರಿದು, ಜೊತೆಗೆ ಬಂದ ಲೆನ್ಸಿಗೆ ತಮ್ಮ ಆಸೆಯನ್ನು ಹೊಂದಿಸಿಕೊಳ್ಳಲು ಒದ್ದಾಡುತ್ತಾರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಹಗಲಿನ ಬೆಟ್ಟಗುಡ್ಡ, ಕಟ್ಟಡ, ನಿಂತ ಮನುಷ್ಯರನ್ನು ತೆಗೆದು ಫೋನಿನ ಪರದೆಯಲ್ಲೇ ನೋಡುವವರಿಗೆ ಕ್ಯಾಮೆರಾ ಬೇಕಿಲ್ಲ. ಫೋನು ಒಂದು ಒತ್ತಿಗೆ ಹಲವು ಫ್ರೇಮುಗಳನ್ನು ಹಿಡಿದು, ಹೊಳೆಯುವ ಆಕಾಶವನ್ನೂ ಕಪ್ಪಾದ ನೆರಳನ್ನೂ ಹದಮಾಡಿ ಒಂದು ಚಿತ್ರ ಕಟ್ಟಿಕೊಡುತ್ತದೆ. ಕ್ಯಾಮೆರಾ ಹಾಗೆ ಮಾಡುವುದಿಲ್ಲ. ಒಂದೇ ಫ್ರೇಮು ಕೊಟ್ಟು ಉಳಿದದ್ದನ್ನು ನಿಮಗೆ ಬಿಡುತ್ತದೆ. ಹೊಸ ಕ್ಯಾಮೆರಾದ ಮೊದಲ ವಾರ “ಫೋನೇ ಚೆನ್ನಾಗಿತ್ತಲ್ಲ” ಅನ್ನಿಸುವುದು ಈ ಕಾರಣಕ್ಕೆ. ದೂರದ ವಸ್ತು, ಮಂದ ಬೆಳಕಿನಲ್ಲಿ ಚಲಿಸುವ ವಸ್ತು, ಫ್ಲಾಶ್ ಹಾಕಿ ಬೆಳಕನ್ನು ನಾವೇ ರೂಪಿಸಬೇಕಾದ ಕೆಲಸ, ಬಿಸಿಲಲ್ಲಿ ಕಣ್ಣಿಗಿಟ್ಟು ನೋಡಬೇಕಾದ ವ್ಯೂಫೈಂಡರ್: ಇವುಗಳಲ್ಲಿ ಒಂದಾದರೂ ನಿಮ್ಮ ಪಟ್ಟಿಯಲ್ಲಿದ್ದರೆ ಮುಂದೆ ಕೇಳಿ.

ಸೆನ್ಸರ್ ಅಳತೆ

ಸೆನ್ಸರ್ ಎಂದರೆ ಲೆನ್ಸಿನ ಹಿಂದೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್. ಅದರ ಅಳತೆಗಳನ್ನು ಮಿಲಿಮೀಟರಿನಲ್ಲಿ ತಿಳಿದುಕೊಂಡರೆ ಜಾಹೀರಾತಿನ ಅರ್ಧ ಮಾತು ತಾನಾಗಿ ಉದುರಿಹೋಗುತ್ತದೆ. ಫುಲ್ ಫ್ರೇಮ್ ಸೆನ್ಸರ್ 36×24. ನಿಕಾನ್, ಸೋನಿ, ಫ್ಯೂಜಿ ಕಂಪನಿಗಳ ಎಪಿಎಸ್-ಸಿ ಸುಮಾರು 23.5×15.6, ಕ್ಯಾನನ್‌ನದು ತುಸು ಚಿಕ್ಕದು, 22.3×14.9. ಮೈಕ್ರೋ ಫೋರ್ ಥರ್ಡ್ಸ್ 17.3×13. ಒಂದಿಂಚಿನದು ಎಂದು ಮಾರುವ ಸೆನ್ಸರ್ 13.2×8.8. ಅಗ್ಗದ ಕಾಂಪ್ಯಾಕ್ಟುಗಳಲ್ಲೂ ಉದ್ದನೆ ಜೂಮಿನ ಬ್ರಿಡ್ಜ್ ಕ್ಯಾಮೆರಾಗಳಲ್ಲೂ ಇರುವ 1/2.3 ಇಂಚಿನದು ಬರೀ 6.2×4.6.

ವಿಸ್ತೀರ್ಣ ಲೆಕ್ಕ ಹಾಕಿದರೆ ಕ್ರಮವಾಗಿ 864, ಸುಮಾರು 366 (ಕ್ಯಾನನ್‌ನದು 332), 225, 116 ಮತ್ತು 28 ಚದರ ಮಿಲಿಮೀಟರ್. ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ), ಶಟರ್ ವೇಗ (ಬೆಳಕು ಬೀಳುವ ಹೊತ್ತು) ಒಂದೇ ಇದ್ದಾಗ ಸೆನ್ಸರಿಗೆ ಬೀಳುವ ಒಟ್ಟು ಬೆಳಕು ಈ ವಿಸ್ತೀರ್ಣಕ್ಕೆ ತಕ್ಕಂತೆ. ಅತಿ ಚಿಕ್ಕದರಿಂದ ಎಪಿಎಸ್-ಸಿಗೆ ಹೋದರೆ 13 ಪಟ್ಟು ಲಾಭ. ಮಂದ ಬೆಳಕಿನ ಚಿತ್ರದಲ್ಲಿ ಅದು ಕಣ್ಣಿಗೆ ಹೊಡೆದು ಕಾಣುತ್ತದೆ. ಎಪಿಎಸ್-ಸಿಯಿಂದ ಫುಲ್ ಫ್ರೇಮಿಗೆ ಹೋದರೆ ಸಿಗುವುದು ಎರಡೂಕಾಲು ಪಟ್ಟಿಗೆ ತುಸು ಹೆಚ್ಚು, ಅಂದರೆ ಒಂದು ಸ್ಟಾಪಿಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಸ್ವಲ್ಪವೇ ಜಾಸ್ತಿ. ಆ ಒಂದು ಸ್ಟಾಪಿಗೆ ಬಾಡಿಯಲ್ಲಿ ಮಾತ್ರ ಹಣ ಕೊಟ್ಟು ಮುಗಿಯುವುದಿಲ್ಲ, ಮುಂದೆ ಕೊಳ್ಳುವ ಒಂದೊಂದು ಲೆನ್ಸಿಗೂ ಕೊಡುತ್ತ ಹೋಗಬೇಕು. ಎಪಿಎಸ್-ಸಿ ಮತ್ತು ಮೈಕ್ರೋ ಫೋರ್ ಥರ್ಡ್ಸ್ ನಡುವಿನ ವ್ಯತ್ಯಾಸ ಇನ್ನೂ ಕಡಿಮೆ, ಸ್ಟಾಪಿನ ಮೂರನೇ ಎರಡು ಭಾಗದಷ್ಟು. ಆದ್ದರಿಂದ ಸಣ್ಣ ಬಜೆಟ್ಟಿನ ಆಯ್ಕೆ ಈ ಎರಡರಲ್ಲಿ ಒಂದು ಎಂದುಕೊಳ್ಳಿ. ಜೇಬಿನಲ್ಲಿ ಹಿಡಿಯಲೇಬೇಕು ಎನ್ನುವವರಿಗೆ ಒಂದಿಂಚಿನ ಸೆನ್ಸರ್, ಉದಾಹರಣೆಗೆ 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100ರ ಸೆಕೆಂಡ್ ಹ್ಯಾಂಡ್ ಪ್ರತಿ.

ಮೆಗಾಪಿಕ್ಸೆಲ್ ಬಗ್ಗೆ ಹೆಚ್ಚು ಹೊತ್ತು ಕಳೆಯುವುದಿಲ್ಲ. 4ಕೆ ಪರದೆಯಲ್ಲಿ ಇರುವುದು 83 ಲಕ್ಷ ಪಿಕ್ಸೆಲ್. 8×10 ಇಂಚಿನ ಮುದ್ರಣಕ್ಕೆ ಇಂಚಿಗೆ 300ರಂತೆ ಹಾಕಿದರೂ ಬೇಕಾಗುವುದು 72 ಲಕ್ಷ. 16 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಬಿಟ್ಟು 24ರದ್ದು ಕೊಂಡರೆ ಚಿತ್ರದ ಒಂದೊಂದು ಬದಿ ಉದ್ದವಾಗುವುದು ಸುಮಾರು 22 ಶೇಕಡ. ಈ ಅಂಕಿಯನ್ನು ನೋಡಿ ಕ್ಯಾಮೆರಾ ಆರಿಸಬೇಡಿ.

ಬ್ರಿಡ್ಜ್ ಕ್ಯಾಮೆರಾಗಳಿಗೆ ಮಾತ್ರ ನ್ಯಾಯವಾಗಿ ಎರಡು ಮಾತು. ನಿಕಾನ್ ಪಿ900, 2015ರದ್ದು, ಫುಲ್ ಫ್ರೇಮಿನ 24ರಿಂದ 2000 ಮಿ.ಮೀ. ಲೆನ್ಸಿಗೆ ಸಮನಾದ ಜೂಮ್ ಕೊಡುತ್ತದೆ (ಮಿ.ಮೀ. ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಸೆನ್ಸರ್ ಚಿಕ್ಕದೆಂದು ಇದನ್ನು ತಳ್ಳಿಹಾಕುವವರು ಒಂದು ಲೆಕ್ಕ ಮರೆಯುತ್ತಾರೆ. ಎಪಿಎಸ್-ಸಿ ಕ್ಯಾಮೆರಾಕ್ಕೆ 300 ಮಿ.ಮೀ. ಲೆನ್ಸ್ ಹಾಕಿದರೆ ಅದು 450ಕ್ಕೆ ಸಮ. ಅದನ್ನು ಕತ್ತರಿಸಿ 2000ದಷ್ಟು ಹತ್ತಿರ ತಂದರೆ 24 ಮೆಗಾಪಿಕ್ಸೆಲ್ಲಿನಲ್ಲಿ ಉಳಿಯುವುದು 1.2. ಅಂದರೆ ಒಳ್ಳೆಯ ಬಿಸಿಲಿನಲ್ಲಿ, ದೂರದ ಕೊಂಬೆಯ ಮೇಲೆ ಸುಮ್ಮನೆ ಕುಳಿತ ಹಕ್ಕಿ, ಚಂದ್ರ, ಇಂಥವಕ್ಕೆ ಬ್ರಿಡ್ಜ್ ಕ್ಯಾಮೆರಾವೇ ಮೇಲು. ಹಕ್ಕಿ ಹಾರಿತೋ ಸಂಜೆಯಾಯಿತೋ, ಅದರ ಆಟ ಮುಗಿಯಿತು: ಫೋಕಸ್ ಹಿಂದೆ ಬೀಳುತ್ತದೆ, ಐಎಸ್‌ಒ (ಮಂದ ಬೆಳಕಲ್ಲಿ ಚಿತ್ರವನ್ನು ಬೆಳಗಿಸುವ ಸಂಖ್ಯೆ) ಏರಿಸಿದರೆ ಗರಿಯ ವಿವರ ಅಳಿಸಿಹೋಗುತ್ತದೆ. ನಿಮ್ಮ ಕೆಟ್ಟ ಫೋಟೊಗಳ ಪಟ್ಟಿಯಲ್ಲಿ ಯಾವ ಹಕ್ಕಿ ಇದೆ ಎನ್ನುವುದರ ಮೇಲೆ ಇದರ ತೀರ್ಮಾನ.

ಲೆನ್ಸ್ ಲೆಕ್ಕ

ಮನೆಯೊಳಗೆ, ಸಂಜೆ ದೀಪದ ಬೆಳಕಿನಲ್ಲಿ ಮಗು ಆಡುತ್ತಿದೆ ಎಂದುಕೊಳ್ಳಿ. ಕಿಟ್ ಲೆನ್ಸ್, ಅಂದರೆ 18–55 ಮಿ.ಮೀ. ಜೂಮ್, 55ರ ತುದಿಯಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಐಎಸ್‌ಒ 3200ರಲ್ಲಿ ಶಟರ್ 1/15 ಸೆಕೆಂಡ್ ಬಂದಿತು ಅನ್ನೋಣ. ಮಗು ಖಂಡಿತ ಕದಲುತ್ತದೆ. ಇಲ್ಲಿ ಇಮೇಜ್ ಸ್ಟೆಬಿಲೈಸೇಶನ್ ಉಪಯೋಗಕ್ಕೆ ಬಾರದು; ಅದು ನಿಮ್ಮ ಕೈನಡುಕವನ್ನು ತಡೆಯುತ್ತದೆ, ಮಗುವಿನ ಓಟವನ್ನಲ್ಲ. ಅದೇ ಬಾಡಿಗೆ 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿ ಪೂರ್ತಿ ತೆರೆದರೆ ಬೆಳಕು 9.7 ಪಟ್ಟು, ಶಟರ್ ಸುಮಾರು 1/145. ಚಿತ್ರ ನಿಂತಿತು. ಬಾಡಿ ಬದಲಿಸಿ ಈ ಮೂರೂಕಾಲು ಸ್ಟಾಪ್ ಗಳಿಸಬೇಕಾದರೆ ಎಪಿಎಸ್-ಸಿಯಿಂದ ಫುಲ್ ಫ್ರೇಮಿಗೆ ಹೋದರೂ ಸಾಲದು. ಎಫ್/1.8ರ ಸಣ್ಣ ಪ್ರೈಮ್ (ಜೂಮ್ ಇಲ್ಲದ) ಲೆನ್ಸುಗಳೋ ಎಲ್ಲ ಕಂಪನಿಗಳ ಪಟ್ಟಿಯಲ್ಲೂ ಅಗ್ಗದ ಸಾಲಿನಲ್ಲೇ ಇರುತ್ತವೆ.

ಒಂದು ಎಚ್ಚರಿಕೆ: ಎಪಿಎಸ್-ಸಿ ಬಾಡಿಯಲ್ಲಿ 50 ಮಿ.ಮೀ. ಲೆನ್ಸ್ 75ರ ಹಾಗೆ, ಕ್ಯಾನನ್ ಆದರೆ 80ರ ಹಾಗೆ ಕಾಣುತ್ತದೆ. ಒಬ್ಬರ ಮುಖಕ್ಕೆ ಸೊಗಸು. ಸಣ್ಣ ಕೋಣೆಯಲ್ಲಿ ನಾಲ್ಕು ಜನರನ್ನು ಹಿಡಿಯಲು ಬೆನ್ನು ಗೋಡೆಗೆ ತಾಗಿದರೂ ಜಾಗ ಸಾಲದು. ಅಂಥ ಕಡೆ ನಿಕಾನ್ ಡಿಎಸ್‌ಎಲ್‌ಆರ್‌ಗೆ (ಒಳಗೆ ಕನ್ನಡಿ ಇರುವ ಕ್ಯಾಮೆರಾ) 35 ಮಿ.ಮೀ. ಎಫ್/1.8 ಡಿಎಕ್ಸ್, ಕ್ಯಾನನ್‌ಗೆ 24 ಮಿ.ಮೀ. ಎಫ್/2.8 ಎಸ್‌ಟಿಎಂ, ಸೋನಿ ಮತ್ತಿತರ ಮಿರರ್‌ಲೆಸ್ (ಕನ್ನಡಿ ಇಲ್ಲದ) ಬಾಡಿಗಳ ಮೌಂಟಿಗೆ (ಲೆನ್ಸ್ ಕೂರುವ ಬಾಯಿಗೆ) ಸಿಗ್ಮಾ 30 ಮಿ.ಮೀ. ಎಫ್/1.4, ಮೈಕ್ರೋ ಫೋರ್ ಥರ್ಡ್ಸ್‌ಗೆ 25 ಮಿ.ಮೀ. ಎಫ್/1.7 ಅಥವಾ 1.8 ನೋಡಿ. ಕಿಟ್ ಲೆನ್ಸನ್ನು ಒಂದು ವಾರ 35ಕ್ಕೆ ನಿಲ್ಲಿಸಿ, ಇನ್ನೊಂದು ವಾರ 50ಕ್ಕೆ ನಿಲ್ಲಿಸಿ ಬಳಸಿದರೆ ಯಾವುದು ಬೇಕು ಎಂದು ಹಣ ಕೊಡುವ ಮುಂಚೆಯೇ ತಿಳಿಯುತ್ತದೆ.

ದೂರದ ವಸ್ತುಗಳಿಗೆ ಬರೋಣ. ಎರಡು ಲೆನ್ಸಿನ ಕಿಟ್ ಎಂದು ಮಾರುವ ಪೆಟ್ಟಿಗೆಗಳಲ್ಲಿ ಬಲೆ ಇರುವುದು ಎರಡನೇ ಲೆನ್ಸಿನಲ್ಲಿ. ಕ್ಯಾನನ್ ಇಎಫ್ 75–300 ಮೂರನೇ ಆವೃತ್ತಿಗೆ ಸ್ಟೆಬಿಲೈಸೇಶನ್ ಇಲ್ಲ, 300ರ ತುದಿಯಲ್ಲಿ ಚಿತ್ರ ಮಂಕು. 300 ಮಿ.ಮೀ. ಕ್ಯಾನನ್ ಎಪಿಎಸ್-ಸಿಯಲ್ಲಿ 480ರ ಹಾಗೆ ವರ್ತಿಸುತ್ತದೆ. ಕೈಯಲ್ಲಿ ಹಿಡಿದು ತೆಗೆಯಲು 1/500 ಸೆಕೆಂಡಾದರೂ ಬೇಕು. ಅದಕ್ಕಿಂತ 2013ರ ಇಎಫ್-ಎಸ್ 55–250 ಐಎಸ್ ಎಸ್‌ಟಿಎಂ ಎಷ್ಟೋ ಮೇಲು, 50 ಮಿ.ಮೀ. ಕಡಿಮೆಯಾದದ್ದು ತಿಳಿಯುವುದೇ ಇಲ್ಲ. ನಿಕಾನ್‌ನಲ್ಲೂ ಎಎಫ್-ಪಿ 70–300 ಡಿಎಕ್ಸ್ ಎರಡು ರೂಪದಲ್ಲಿ ಬರುತ್ತದೆ, ವಿಆರ್ ಎಂದು ಬರೆದದ್ದು ಮತ್ತು ಬರೆಯದೇ ಇದ್ದದ್ದು. ಎರಡಕ್ಷರಕ್ಕೆ ಕೊಡುವ ಹೆಚ್ಚುವರಿ ಹಣ ದಂಡವಲ್ಲ.

ಲೆನ್ಸ್ ಮೇಲಿನ ಅಕ್ಷರಗಳನ್ನು ಓದಲು ಕಲಿತರೆ ಇಂಥ ಪೆಟ್ಟುಗಳು ತಪ್ಪುತ್ತವೆ. ಐಎಸ್, ವಿಆರ್, ಒಎಸ್‌ಎಸ್, ಒಐಎಸ್, ವಿಸಿ, ಒಎಸ್: ಕಂಪನಿ ಬೇರೆ ಬೇರೆ, ಅರ್ಥ ಒಂದೇ, ಸ್ಟೆಬಿಲೈಸೇಶನ್ ಇದೆ ಎಂದು. ಎಸ್‌ಟಿಎಂ, ಯುಎಸ್‌ಎಂ, ಎಎಫ್-ಎಸ್, ಎಎಫ್-ಪಿ ಅಂದರೆ ಫೋಕಸ್ ಮೋಟಾರು ಲೆನ್ಸಿನೊಳಗೇ ಇದೆ. ನಿಕಾನ್ ಕೊಳ್ಳುವವರಿಗೆ ಈ ಮೋಟಾರಿನ ವಿಷಯ ಮುಖ್ಯ. ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಮೋಟಾರ್ ಇಲ್ಲ, 50 ಮಿ.ಮೀ. ಎಫ್/1.8ಡಿ ಅಗ್ಗಕ್ಕೆ ಸಿಕ್ಕಿತೆಂದು ತಂದು ಹಾಕಿದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಅವಕ್ಕೆ ಬೇಕಾದದ್ದು ಕೊನೆಯಲ್ಲಿ ಜಿ ಅಕ್ಷರ ಇರುವ ಎಎಫ್-ಎಸ್ ಲೆನ್ಸ್. ಡಿ90, ಡಿ7000, ಡಿ7100, ಡಿ7200 ಬಾಡಿಗಳಲ್ಲಿ ಮೋಟಾರ್ ಇದೆ, ಹಳೆಯ ಲೆನ್ಸುಗಳು ನಡೆಯುತ್ತವೆ. ಆದರೆ ಅದೇ ಡಿ90, ಡಿ7000 ಮತ್ತು ಡಿ3100ಗಳಲ್ಲಿ ಹೊಸ ಎಎಫ್-ಪಿ ಲೆನ್ಸುಗಳು ಫೋಕಸ್ ಆಗುವುದಿಲ್ಲ, ಕೈಯಲ್ಲಿ ತಿರುಗಿಸಿದರೂ ಆಗುವುದಿಲ್ಲ, ಯಾಕೆಂದರೆ ಅವುಗಳ ರಿಂಗ್ ಕೂಡ ವಿದ್ಯುತ್ತಿನ ಮೂಲಕವೇ ಕೆಲಸ ಮಾಡುವುದು. ಬಾಡಿಯನ್ನೂ ಲೆನ್ಸನ್ನೂ ಬೇರೆ ಬೇರೆ ಕಡೆ ಕೊಳ್ಳುವವರು ಜೋಡಿಯಾಗಿ ನೋಡಿಯೇ ಹಣ ಕೊಡಬೇಕು.

ಮೌಂಟ್, ಕನ್ನಡಿ, ಮಾಡೆಲ್

ಬಾಡಿ ಐದಾರು ವರ್ಷಕ್ಕೆ ಬದಲಾಗಬಹುದು, ಮೌಂಟ್ ಬದಲಾದರೆ ಲೆನ್ಸುಗಳೆಲ್ಲ ಬದಲಾಗಬೇಕು. ಕ್ಯಾನನ್ ಇಎಫ್ 1987ರಿಂದ, ನಿಕಾನ್ ಎಫ್ 1959ರಿಂದ ಇರುವ ಡಿಎಸ್‌ಎಲ್‌ಆರ್ ಮೌಂಟುಗಳು. ಇವುಗಳಿಗೆ ಹೊಸ ಮಾಡೆಲ್ ಬರುವ ಕಾಲ ಮುಗಿದಿದೆ. ಎರಡೂ ಕಂಪನಿ 2018ರಲ್ಲಿ ಆರ್‌ಎಫ್ ಮತ್ತು ಜೆಡ್ ಎಂಬ ಮಿರರ್‌ಲೆಸ್ ಮೌಂಟುಗಳಿಗೆ ಹೊರಳಿದವು. ಸಣ್ಣ ಬಜೆಟ್ಟಿನವರಿಗೆ ಇದು ಕೆಟ್ಟ ಸುದ್ದಿಯಲ್ಲ. ಜನ ಹೊಸದಕ್ಕೆ ಹೋದಂತೆ ಹಳೆಯ ಬಾಡಿ, ಲೆನ್ಸುಗಳು ಸೆಕೆಂಡ್ ಹ್ಯಾಂಡಿನಲ್ಲಿ ರಾಶಿಯಾಗಿ ಸಿಗುತ್ತವೆ. ಮುಂದೆ ಮಿರರ್‌ಲೆಸ್ ಕೊಂಡರೆ ಅಡಾಪ್ಟರ್ ಹಾಕಿ ಈ ಲೆನ್ಸುಗಳನ್ನೇ ಬಳಸಬಹುದು. ಕ್ಯಾನನ್‌ನಲ್ಲಿ ಆಟೋಫೋಕಸ್ ಪೂರ್ತಿ ಉಳಿಯುತ್ತದೆ. ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಮೋಟಾರ್ ಇಲ್ಲ, ಆದ್ದರಿಂದ ಮೋಟಾರ್ ಉಳ್ಳ ಲೆನ್ಸುಗಳಿಗೆ ಮಾತ್ರ ಆಟೋಫೋಕಸ್. ಇದರ ಉಲ್ಟಾ, ಅಂದರೆ ಮಿರರ್‌ಲೆಸ್ ಲೆನ್ಸನ್ನು ಡಿಎಸ್‌ಎಲ್‌ಆರ್‌ಗೆ ಹಾಕುವುದು, ಆಗದ ಮಾತು. ದೂರವಿಡಬೇಕಾದ ಮೌಂಟ್ ಒಂದಿದೆ: ಕ್ಯಾನನ್ ಇಎಫ್-ಎಂ. 2012ರಲ್ಲಿ ಬಂದು 2023ಕ್ಕೆ ನಿಂತುಹೋಯಿತು, ಅದರ ಲೆನ್ಸುಗಳು ಆರ್‌ಎಫ್ ಬಾಡಿಗೆ ಕೂರುವುದಿಲ್ಲ. ಆ ಮೌಂಟಿನ ಎಂ50 ಕ್ಯಾಮೆರಾ ಕೆಟ್ಟದ್ದಲ್ಲ, ತೀರಾ ಅಗ್ಗವಾಗಿ ಸಿಕ್ಕಿ, ಒಂದೆರಡು ಲೆನ್ಸಿಗೆ ನಿಲ್ಲಿಸುತ್ತೇನೆ ಎನ್ನುವವರು ಕೊಳ್ಳಬಹುದು.

ಕನ್ನಡಿ ಇರುವುದೋ ಇಲ್ಲದ್ದೋ ಎನ್ನುವ ವಾದ ಆರಂಭಿಕರಿಗೆ ಅಷ್ಟೇನೂ ಮುಖ್ಯವಲ್ಲ. ಡಿಎಸ್‌ಎಲ್‌ಆರ್ ಬ್ಯಾಟರಿ ಬಹಳ ಬಾಳುತ್ತದೆ: ಪ್ರಮಾಣಿತ ಅಳತೆಯಂತೆ ನಿಕಾನ್ ಡಿ3500ಕ್ಕೆ ಒಂದು ಚಾರ್ಜಿಗೆ 1550 ಚಿತ್ರ, ಸೋನಿ ಎ6000ಕ್ಕೆ ಸುಮಾರು 360. ಮಿರರ್‌ಲೆಸ್‌ನಲ್ಲಿ ಎಕ್ಸ್‌ಪೋಶರ್ (ಚಿತ್ರಕ್ಕೆ ಬಿಡುವ ಬೆಳಕು) ಬದಲಿಸಿದ್ದು ವ್ಯೂಫೈಂಡರಿನಲ್ಲೇ ಕಾಣುತ್ತದೆ, ಕಲಿಯುವವರಿಗೆ ಅದು ದೊಡ್ಡ ಅನುಕೂಲ. ವಿಡಿಯೊ ಮುಖ್ಯವಾದರೆ ನಿಕಾನ್‌ನ ಆರಂಭಿಕ ಡಿಎಸ್‌ಎಲ್‌ಆರ್‌ಗಳನ್ನು ಬಿಡಿ, ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ ತೆಗೆಯುವಾಗ) ಅವುಗಳ ಫೋಕಸ್ ಹಿಂದುಮುಂದು ತಡಕಾಡುತ್ತದೆ.

ಈಗ ಹೆಸರುಗಳು. ಬರೀ ಸ್ಥಿರಚಿತ್ರಕ್ಕೆ ಡಿ3300ರಿಂದ ಡಿ3500ರವರೆಗಿನ ಯಾವುದಾದರೂ ಸಾಕು. 24 ಮೆಗಾಪಿಕ್ಸೆಲ್, ಒಳ್ಳೆಯ ಸೆನ್ಸರ್. ತಿರುಗುವ ಟಚ್ ಪರದೆ, ಮೈಕ್ ಸಾಕೆಟ್ ಬೇಕಾದರೆ ಡಿ5600. ಫೋಟೊ, ವಿಡಿಯೊ ಎರಡಕ್ಕೂ ಹೊಂದುವ ಡಿಎಸ್‌ಎಲ್‌ಆರ್ ಎಂದರೆ 2017ರ ಕ್ಯಾನನ್ 200ಡಿ. ಪರದೆಯಲ್ಲಿ ನೋಡಿ ತೆಗೆಯುವಾಗಲೂ ಫೋಕಸ್ ಚುರುಕು. ಅದೇ ಕ್ಯಾಮೆರಾವನ್ನು ಬೇರೆ ಮಾರುಕಟ್ಟೆಗಳಲ್ಲಿ ಎಸ್‌ಎಲ್2 ಎಂದು ಮಾರಿದ್ದಾರೆ, ಹುಡುಕುವಾಗ ಎರಡೂ ಹೆಸರು ಹಾಕಿ. ಕ್ಯಾನನ್ 4000ಡಿ ಬೇಡ: 18 ಮೆಗಾಪಿಕ್ಸೆಲ್ಲಿನ ಹಳೆಯ ಸೆನ್ಸರ್, ಪ್ಲಾಸ್ಟಿಕ್ ಮೌಂಟ್. ಇನ್ನೊಂದು ಒಳಗುಟ್ಟು: 4000ಡಿ, 2000ಡಿ, 250ಡಿ ಈ ಮೂರರ ಹಾಟ್ ಶೂನಲ್ಲಿ (ಮೇಲೆ ಫ್ಲಾಶ್ ಕೂರಿಸುವ ಜಾಗ) ನಡುವಿನ ಲೋಹದ ಪಿನ್ನನ್ನೇ ತೆಗೆದುಬಿಟ್ಟಿದ್ದಾರೆ. ಆ ಒಂದೇ ಪಿನ್ನನ್ನು ನಂಬಿದ ಅಗ್ಗದ ಮ್ಯಾನುವಲ್ ಫ್ಲಾಶ್, ಟ್ರಿಗರುಗಳು ಅವುಗಳ ಮೇಲೆ ಮಿಂಚುವುದಿಲ್ಲ. ಫ್ಲಾಶ್ ಕಲಿಯಬೇಕೆಂದಿದ್ದರೆ ಇದನ್ನು ನೆನಪಿಡಿ.

ಮಿರರ್‌ಲೆಸ್‌ನಲ್ಲಿ ಸೋನಿ ಎ6000, 2014ರದ್ದಾದರೂ, ಸೆಕೆಂಡಿಗೆ 11 ಚಿತ್ರ ತೆಗೆಯುತ್ತದೆ, ಓಡುವುದನ್ನು ಹಿಂಬಾಲಿಸುತ್ತದೆ. ಟಚ್ ಪರದೆ ಇಲ್ಲ, ಮೈಕ್ ಸಾಕೆಟ್ ಇಲ್ಲ. ಜೊತೆಗೆ ಬರುವ 16–50 ಲೆನ್ಸ್ ಪುಟ್ಟದು, ಅಂಚುಗಳಲ್ಲಿ ಮೃದು. ಒಲಿಂಪಸ್ ಇ-ಎಂ10 ಎರಡನೇ ಆವೃತ್ತಿಯಲ್ಲಿ (2015) ಸ್ಟೆಬಿಲೈಸೇಶನ್ ಬಾಡಿಯಲ್ಲೇ ಇದೆ, ಯಾವ ಲೆನ್ಸ್ ಹಾಕಿದರೂ ಸಿಗುತ್ತದೆ. ಬಾಡಿಯೂ ಲೆನ್ಸುಗಳೂ ಚಿಕ್ಕವು, ಪ್ರಯಾಣಕ್ಕೆ ಇದಕ್ಕಿಂತ ಹಗುರ ಜೋಡಿ ಸಿಗುವುದು ಕಷ್ಟ. ಓಡುವ ನಾಯಿ, ಹಾರುವ ಹಕ್ಕಿಗೆ ಮಾತ್ರ ಇದು ಬೇಡ, ಕಾಂಟ್ರಾಸ್ಟ್ ನೋಡಿ ಫೋಕಸ್ ಮಾಡುವ ವಿಧಾನ ಅಲ್ಲಿ ಸೋಲುತ್ತದೆ. ಹೊಸದೇ ಬೇಕೆನ್ನುವವರು ಕ್ಯಾನನ್ ಆರ್50 ನೋಡಲಿ. 2023ರಲ್ಲಿ ಬಂದ ಆರ್100 ಇನ್ನೂ ಅಗ್ಗ. ಆದರೆ ಪರದೆ ತಿರುಗದು, ಟಚ್ ಇಲ್ಲ, 4ಕೆ ವಿಡಿಯೊದಲ್ಲಿ ದೃಶ್ಯ ಕತ್ತರಿಸಿಹೋಗುತ್ತದೆ. ನಿಕಾನ್ ಜೆಡ್30 ವಿಡಿಯೊದವರಿಗೆ ಸರಿ, ವ್ಯೂಫೈಂಡರ್ ಇಲ್ಲ ಎನ್ನುವುದು ಗೊತ್ತಿರಲಿ.

ಹಣ ಹಂಚುವುದು ಹೇಗೆ? ನೂರು ಪಾಲಿದ್ದರೆ ಬಾಡಿ ಮತ್ತು ಕಿಟ್ ಲೆನ್ಸಿಗೆ 55 ದಾಟಬೇಡಿ. ನಿಮ್ಮ ಪಟ್ಟಿ ಹೇಳಿದ ಆ ಒಂದು ಲೆನ್ಸಿಗೆ 25. ಕಾರ್ಡ್, ಇನ್ನೊಂದು ಬ್ಯಾಟರಿ, ಚೀಲ ಎಲ್ಲ ಸೇರಿ 10. ಉಳಿದ 10 ಮುಟ್ಟದೆ ಇಡಿ. ಸೆಕೆಂಡ್ ಹ್ಯಾಂಡಿನಲ್ಲಿ ಏನಾದರೊಂದು ಸರ್ವಿಸಿಗೆ ಹೋಗಿಯೇ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಪರೀಕ್ಷೆ

ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್, ಒಂದು ಸಣ್ಣ ಟಾರ್ಚ್, ಸಾಧ್ಯವಾದರೆ ಲ್ಯಾಪ್‌ಟಾಪ್ ಒಯ್ಯಿರಿ. ಹಗಲಲ್ಲೇ ಹೋಗಿ. ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಕೊಡಲು ಒಪ್ಪದ ಮಾರಾಟಗಾರರ ಹತ್ತಿರ ಕೊಳ್ಳಬೇಡಿ.

ಲೆನ್ಸಿನಿಂದ ಶುರು. ಅಪರ್ಚರ್ ಪೂರ್ತಿ ತೆರೆದಿರುವಾಗ ಹಿಂದಿನಿಂದ ಟಾರ್ಚ್ ಹಾಯಿಸಿ, ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಎಲ್ಲ ಲೆನ್ಸಿನಲ್ಲೂ ಇರುತ್ತವೆ, ಚಿತ್ರದಲ್ಲಿ ಕಾಣುವುದಿಲ್ಲ. ನೋಡಬೇಕಾದದ್ದು ಅಂಚಿನಿಂದ ಎಳೆಎಳೆಯಾಗಿ ಹಬ್ಬುವ ಫಂಗಸ್. ಅದು ಗಾಜಿನ ಲೇಪನವನ್ನೇ ತಿಂದಿದ್ದರೆ ಒರೆಸಿದ ಮೇಲೂ ಗುರುತು ಉಳಿಯುತ್ತದೆ; ಅಗ್ಗದ ಲೆನ್ಸಾದರೆ ಶುಚಿಗೊಳಿಸುವ ಖರ್ಚೇ ಲೆನ್ಸಿನ ಬೆಲೆ ಮುಟ್ಟುತ್ತದೆ. ಒಳಗಾಜಿನ ಮೇಲೆ ಉಸಿರು ಬಿಟ್ಟಂತೆ ಮಂಜು ಕವಿದಿದ್ದರೂ ಬೇಡ. ಮುಂದಿನ ಗಾಜಿನ ಸಣ್ಣ ಗೀರಿಗೆ ಹೆದರಬೇಕಿಲ್ಲ, ಹಿಂದಿನ ಗಾಜಿನ ಗೀರಿಗೆ ಹೆದರಬೇಕು, ಅದು ಸೆನ್ಸರಿಗೆ ಹತ್ತಿರ. ಫಿಲ್ಟರ್ ಹಾಕುವ ಅಂಚು ನೆಗ್ಗಿದ್ದರೆ ಲೆನ್ಸ್ ಬಿದ್ದಿದೆ ಎಂದೇ ಅರ್ಥ. ಆಗ ಅಕ್ಷರ ತುಂಬಿದ ಪತ್ರಿಕೆಯ ಹಾಳೆಗಳನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಹಿಡಿದು, ಅಪರ್ಚರ್ ತೆರೆದು ಒಂದು ಚಿತ್ರ ತೆಗೆಯಿರಿ. ನಾಲ್ಕು ಮೂಲೆಯೂ ಸಮವಾಗಿ ಮೃದುವಾಗಿದ್ದರೆ ಅದು ಆ ಲೆನ್ಸಿನ ಗುಣ; ಒಂದು ಬದಿ ಮಾತ್ರ ಮಸುಕಾದರೆ ಒಳಗಿನ ಗಾಜು ಜರುಗಿದೆ.

ಸೆನ್ಸರ್ ನೋಡಲು ಅಪರ್ಚರ್ ಪ್ರಯಾರಿಟಿಯಲ್ಲಿ (ಅಪರ್ಚರ್ ನಾವು ಆರಿಸಿ, ಶಟರನ್ನು ಕ್ಯಾಮೆರಾಕ್ಕೆ ಬಿಡುವ ವಿಧಾನ) ಎಫ್/16 ಇಟ್ಟು, ಐಎಸ್‌ಒ 100ಕ್ಕೆ ಇಳಿಸಿ, ಕೈಯಿಂದ ಫೋಕಸನ್ನು ಅನಂತಕ್ಕೆ ತಿರುಗಿಸಿ, ಹತ್ತಿರದ ಬಿಳಿ ಗೋಡೆಯನ್ನು ಕ್ಯಾಮೆರಾ ಆಡಿಸುತ್ತಲೇ ತೆಗೆಯಿರಿ. ಗೋಡೆಯ ಕಲೆ ಕಲಸಿಹೋಗುತ್ತದೆ, ಸೆನ್ಸರಿನ ಧೂಳು ಮಾತ್ರ ಕಪ್ಪು ಚುಕ್ಕಿಯಾಗಿ ನಿಲ್ಲುತ್ತದೆ. ಬ್ಲೋವರಿನಿಂದ ಹೋಗುವ ಧೂಳು ದೋಷವಲ್ಲ. ಎಳೆಯಂಥ ಗೀರು, ಒರೆಸಿದ ಪಟ್ಟೆ ಕಂಡರೆ ಯಾರೋ ತಪ್ಪಾಗಿ ಶುಚಿ ಮಾಡಿದ್ದಾರೆ. ಅಡ್ಡಕ್ಕೋ ಉದ್ದಕ್ಕೋ ನೇರವಾದ ಬಣ್ಣದ ಗೆರೆ ಇದ್ದರೆ ಎದ್ದು ಬನ್ನಿ. ವೇದಿಕೆಯ ಲೇಸರ್ ಬೆಳಕು ತಾಗಿದ ಸೆನ್ಸರಿನಲ್ಲಿ ಅಂಥ ಗೆರೆ ಬರುತ್ತದೆ, ಅದಕ್ಕೆ ಸೆನ್ಸರ್ ಬದಲಿಸುವುದೇ ಮದ್ದು. ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ, ಐಎಸ್‌ಒ 1600ರಲ್ಲಿ ಒಂದೆರಡು ಸೆಕೆಂಡಿನ ಚಿತ್ರ ತೆಗೆದು ಹಿಗ್ಗಿಸಿ. ಅಲ್ಲೊಂದು ಇಲ್ಲೊಂದು ಕೆಂಪು, ನೀಲಿ ಚುಕ್ಕಿ ಸಹಜ.

ಡಿಎಸ್‌ಎಲ್‌ಆರ್‌ಗೆ ಇನ್ನೊಂದು ಪರೀಕ್ಷೆ ಬೇಕೇ ಬೇಕು, ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ಎಫ್/1.8ರಲ್ಲಿ ಮುದ್ರಿತ ಅಕ್ಷರವೊಂದರ ಮೇಲೆ ವ್ಯೂಫೈಂಡರ್ ಮೂಲಕ ಫೋಕಸ್ ಮಾಡಿ ನಾಲ್ಕು ಚಿತ್ರ, ಲೈವ್ ವ್ಯೂನಲ್ಲಿ ನಾಲ್ಕು ಚಿತ್ರ ತೆಗೆಯಿರಿ. ಲೈವ್ ವ್ಯೂ ಚಿತ್ರಗಳೇ ಪ್ರತಿ ಸಲ ಹೆಚ್ಚು ಚೂಪಾಗಿದ್ದರೆ ಫೋಕಸ್ ಹಿಂದೆಯೋ ಮುಂದೆಯೋ ಜಾರುತ್ತಿದೆ. ಡಿ7000 ದರ್ಜೆಯ ಬಾಡಿಯಲ್ಲಿ ಇದನ್ನು ಮೆನುವಿನಿಂದಲೇ ಸರಿಮಾಡಬಹುದು, ಡಿ3000, ಡಿ5000 ಸರಣಿಯಲ್ಲಿ ಆ ಸೌಲಭ್ಯ ಇಲ್ಲ.

ಶಟರ್ ಎಣಿಕೆ ಕೇಳಿ, ಆದರೆ ಅದೊಂದನ್ನೇ ಪೂಜಿಸಬೇಡಿ. ಆರಂಭಿಕ ದರ್ಜೆಯ ನಿಕಾನ್ ಬಾಡಿಗಳ ಶಟರನ್ನು 1 ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿರುತ್ತಾರೆ. 30 ಸಾವಿರ ಆಗಿದ್ದು ನೀಟಾಗಿ ಬಳಸಿದ್ದು, 5 ಸಾವಿರ ಆಗಿ ತೇವದ ಕಪಾಟಿನಲ್ಲಿ ಐದು ವರ್ಷ ಕುಳಿತದ್ದಕ್ಕಿಂತ ಮೇಲು. ನಿಕಾನ್ ತನ್ನ ಎಣಿಕೆಯನ್ನು ಪ್ರತಿ ಫೈಲಿನ ಎಕ್ಸಿಫ್ ಮಾಹಿತಿಯಲ್ಲೇ (ಚಿತ್ರದ ಜೊತೆ ಅಡಗಿರುವ ವಿವರ) ಬರೆಯುತ್ತದೆ, ತಿದ್ದದ ಜೆಪೆಗ್ ಒಂದು ಸಾಕು. ಕ್ಯಾನನ್ ಬಹುಪಾಲು ಮಾಡೆಲ್‌ಗಳಲ್ಲಿ ಫೈಲಿನೊಳಗೆ ಬರೆಯುವುದಿಲ್ಲ; ಕೇಬಲ್ ಹಾಕಿ ತಂತ್ರಾಂಶದಿಂದ ಓದಬೇಕು.

ಉಳಿದದ್ದು ಬೇಗ ಮುಗಿಯುತ್ತದೆ. ಪ್ರತಿ ಗುಂಡಿ, ಡಯಲ್ ಒತ್ತಿ ತಿರುಗಿಸಿ. ಫ್ಲಾಶ್ ಎಬ್ಬಿಸಿ. 1/4000, 1/60, 1 ಸೆಕೆಂಡ್, ಮೂರು ಶಟರ್ ವೇಗದಲ್ಲೂ ಚಿತ್ರ ತೆಗೆಯಿರಿ. ವೇಗದ ತುದಿಯಲ್ಲಿ ಒಂದು ಬದಿ ಕಪ್ಪಾದರೆ ಶಟರ್ ಸೋತಿದೆ. ಬ್ಯಾಟರಿ ಉಬ್ಬಿ ಹೊರಬರಲು ತಿಣುಕುತ್ತಿದೆಯೇ ನೋಡಿ. ಟ್ರೈಪಾಡ್ ಕೂರಿಸುವ ತಿರುಪಿನ ಸುತ್ತ ಬಿರುಕು ಇದೆಯೇ ನೋಡಿ. ಬಾಡಿಯಲ್ಲೇ ಸ್ಟೆಬಿಲೈಸೇಶನ್ ಇರುವ ಕೆಲವು ಕ್ಯಾಮೆರಾಗಳಲ್ಲಿ ಆಫ್ ಮಾಡಿದಾಗ ಒಳಗೆ ಲೊಡಲೊಡ ಸದ್ದು ಬರುತ್ತದೆ, ಅದು ದೋಷವಲ್ಲ. ಸೀರಿಯಲ್ ನಂಬರ್ ಬಾಡಿಯ ಮೇಲೂ ರಸೀದಿಯಲ್ಲೂ ಒಂದೇ ಇರಬೇಕು. ಕೆರೆದಿದ್ದರೆ ಮಾತೇ ಬೇಡ.

ಜೊತೆಗೆ ಬೇಕಾದದ್ದು

ಕಾರ್ಡಿನಲ್ಲಿ ಜಿಪುಣತನ ಬೇಡ, ದುಂದೂ ಬೇಡ. ವಿ30 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ನಿರಂತರವಾಗಿ ಬರೆಯುತ್ತದೆ, ಸಾಮಾನ್ಯ 4ಕೆ ವಿಡಿಯೊಗೂ ಸಾಕು. ಒಂದು ದೊಡ್ಡದಕ್ಕಿಂತ 64 ಜಿಬಿಯ ಎರಡು ಇರಲಿ. ತೀರಾ ಹಳೆಯ ಬಾಡಿಗಳು 32 ಜಿಬಿ ಮೀರಿದ ಎಸ್‌ಡಿಎಕ್ಸ್‌ಸಿ ಕಾರ್ಡ್ ಗುರುತಿಸುವುದಿಲ್ಲ. ಮೈಕ್ರೊ ಕಾರ್ಡನ್ನು ಅಡಾಪ್ಟರಿನಲ್ಲಿ ತುರುಕಿ ಬಳಸಬೇಡಿ, ಸಂಪರ್ಕ ಸಡಿಲವಾಗಿ ಬರೆಯುವ ನಡುವೆಯೇ ಕೈಕೊಡುತ್ತದೆ.

ತೇವಕ್ಕೆ ದುಬಾರಿ ಕಪಾಟು ಬೇಕಿಲ್ಲ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್. ಮುಳ್ಳು 40ರಿಂದ 50 ಶೇಕಡದ ನಡುವೆ ಇರಲಿ. ಜೆಲ್ ಬಣ್ಣ ತಿರುಗಿದಾಗ 110–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಮತ್ತೆ ಹಾಕಿ. ಕ್ಯಾಮೆರಾವನ್ನು ಅದರ ಚೀಲದಲ್ಲೇ ತಿಂಗಳುಗಟ್ಟಲೆ ಇಡಬೇಡಿ. ಬಟ್ಟೆ ಮತ್ತು ಸ್ಪಂಜು ತೇವ ಹಿಡಿದುಕೊಳ್ಳುತ್ತವೆ, ಫಂಗಸ್ಸಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ.

ಪ್ರಶ್ನೆ, ಉತ್ತರ

ಅದೇ ಬೆಲೆಗೆ ಹಳೆಯ ಫುಲ್ ಫ್ರೇಮ್ ಬಾಡಿ ಸಿಗುತ್ತಿದೆ, ತಗೊಳ್ಳಬಹುದೇ? ಬಾಡಿ ಒಂದೇ ಬೆಲೆಗೆ ಸಿಗಬಹುದು. ನಿಮಗೆ ಬೇಕಾದ ಲೆನ್ಸ್ 50 ಮಿ.ಮೀ. ಎಫ್/1.8 ಒಂದೇ ಆಗಿದ್ದರೆ, ಭಾರಕ್ಕೆ ಬೇಸರವಿಲ್ಲದಿದ್ದರೆ, ತಗೊಳ್ಳಿ. ಜೂಮ್ ಬೇಕು, ಟೆಲಿ (ದೂರದ್ದಕ್ಕೆ ಬೇಕಾದ ಲೆನ್ಸ್) ಬೇಕು ಎಂದಾದರೆ ಬೇಡ. ಎಪಿಎಸ್-ಸಿಗೆಂದೇ ಮಾಡಿದ ಲೆನ್ಸುಗಳಲ್ಲಿ ಕ್ಯಾನನ್‌ನ ಇಎಫ್-ಎಸ್ ಲೆನ್ಸುಗಳು ಫುಲ್ ಫ್ರೇಮ್ ಬಾಡಿಗೆ ಕೂರುವುದೇ ಇಲ್ಲ, ನಿಕಾನ್‌ನ ಡಿಎಕ್ಸ್ ಲೆನ್ಸುಗಳು ಕೂತರೂ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತವೆ.

ಮನೆಯಲ್ಲಿ ಫಿಲ್ಮ್ ಕಾಲದ ಫ್ಲಾಶ್ ಇದೆ, ಬಳಸಬಹುದೇ? ಅಳೆಯದೆ ಹಾಕಬೇಡಿ. ಹಳೆಯ ಕೆಲವು ಫ್ಲಾಶ್‌ಗಳ ಪಿನ್ನಿನಲ್ಲಿ ನೂರಾರು ವೋಲ್ಟ್ ಇರುತ್ತದೆ, ಡಿಜಿಟಲ್ ಬಾಡಿಯ ಸರ್ಕ್ಯೂಟ್ ಸುಟ್ಟೀತು. ತಲೆ ಮೇಲಕ್ಕೆ ತಿರುಗುವ ಸರಳ ಮ್ಯಾನುವಲ್ ಫ್ಲಾಶ್ ಹೊಸದನ್ನೇ ಕೊಂಡು, ಬೆಳಕನ್ನು ಬಿಳಿ ಸೂರಿಗೆ ಹೊಡೆಸಿ.

ಕೊಂಡ ಮೇಲೆ ಮೊದಲ ದಿನ ಏನು ಮಾಡಬೇಕು? ವ್ಯೂಫೈಂಡರ್ ಪಕ್ಕದ ಪುಟ್ಟ ಚಕ್ರ ತಿರುಗಿಸಿ ಒಳಗಿನ ಅಕ್ಷರಗಳು ಸ್ಪಷ್ಟವಾಗುವಂತೆ ಮಾಡಿಕೊಳ್ಳಿ. ಇದನ್ನು ಮಾಡದೆ “ಫೋಕಸ್ ಸರಿಯಿಲ್ಲ” ಎಂದು ಕ್ಯಾಮೆರಾ ವಾಪಸು ಕೊಡುವವರಿದ್ದಾರೆ. ರಾ (ಕ್ಯಾಮೆರಾ ಸಂಸ್ಕರಿಸದ ಫೈಲ್) ಮತ್ತು ಜೆಪೆಗ್ ಎರಡೂ ಉಳಿಯುವಂತೆ ಇಡಿ. ಅಪರ್ಚರ್ ಪ್ರಯಾರಿಟಿ, ಆಟೋ ಐಎಸ್‌ಒ, ಮೇಲಿನ ಮಿತಿ 6400. ಕನಿಷ್ಠ ಶಟರ್ ವೇಗ ನಿಗದಿ ಮಾಡುವ ಆಯ್ಕೆ ಇದ್ದರೆ 1/125. ಫೋಕಸ್ ಬಿಂದು ಒಂದೇ ಇರಲಿ, ಅದನ್ನು ನೀವೇ ಸರಿಸಿ. ವಾಪಸು ಕೊಡುವ ಅವಧಿ ಇದ್ದರೆ ಗೋಡೆಯ ಪತ್ರಿಕೆ, ಬಿಳಿ ಗೋಡೆ, ಮುಚ್ಚಿದ ಲೆನ್ಸ್, ಈ ಮೂರು ಪರೀಕ್ಷೆಗಳನ್ನು ಹೊಸ ಕ್ಯಾಮೆರಾಕ್ಕೂ ಅದೇ ವಾರದಲ್ಲಿ ಮಾಡಿ. ಹೊಸ ಪೆಟ್ಟಿಗೆಯಲ್ಲೂ ಗಾಜು ಜರುಗಿದ ಲೆನ್ಸ್ ಬರುವುದುಂಟು.